ಗುಂಡಿಯ ಮೇಲಿನ ಕನ್ನಡ

ಯಶವಂತಪುರ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾದು ಕುಳಿತವರಿಗೆ ಆ ಧ್ವನಿ ಚಿರಪರಿಚಿತ. ‘ಪ್ರಯಾಣಿಕರೇ, ದಯವಿಟ್ಟು ಗಮನಿಸಿ’ ಎಂದು ಶುರುವಾಗಿ, ಗಾಡಿಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಒಪ್ಪಿಸಿ, ಊರುಗಳ ಹೆಸರು ಹೇಳಿ, ಪ್ಲಾಟ್‌ಫಾರಂ ಸಂಖ್ಯೆ ತಿಳಿಸಿ ಅದು ನಿಲ್ಲುತ್ತದೆ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ನಡುನಡುವೆ ಬೆಸುಗೆ ಹಾಕಿದ ಜಾಗಗಳು ಗೊತ್ತಾಗುತ್ತವೆ. ಇಡೀ ವಾಕ್ಯವನ್ನು ಯಾರೂ ಒಂದೇ ಉಸಿರಿನಲ್ಲಿ ಹೇಳಿದ್ದಲ್ಲ. ಮೊದಲೇ ಧ್ವನಿಮುದ್ರಿಸಿಟ್ಟ ತುಂಡುಗಳನ್ನು ಯಂತ್ರವು ಆಯಾ ಗಾಡಿಗೆ ತಕ್ಕಂತೆ ಜೋಡಿಸಿ ನುಡಿಸುತ್ತದೆ.

ಇಂಗ್ಲಿಷಿನಲ್ಲಿ ಇಂಥ ಜೋಡಣೆ ಸುಲಭ. ‘ಟು’ ಎಂಬ ಒಂದು ತುಂಡಿದ್ದರೆ ಸಾಕು, ಅದರ ಮುಂದೆ ಯಾವ ಊರಿನ ಹೆಸರನ್ನಿಟ್ಟರೂ ನಡೆದೀತು. ಕನ್ನಡದಲ್ಲಿ ಹಾಗೆ ನಡೆಯದು. ಯಲಹಂಕಕ್ಕೆ ಎನ್ನಬೇಕು, ತುಮಕೂರಿಗೆ ಎನ್ನಬೇಕು, ಬಳ್ಳಾರಿಗೆ ಎನ್ನಬೇಕು. ಹೊರಡುವ ಊರಾದರೆ ಯಲಹಂಕದಿಂದ, ತುಮಕೂರಿನಿಂದ, ಬಳ್ಳಾರಿಯಿಂದ. ಹೆಸರಿನ ಕೊನೆಯ ಸ್ವರ ಬದಲಾದಂತೆ ಪ್ರತ್ಯಯ ಸೇರುವ ಬಗೆಯೂ ಬದಲಾಗುತ್ತದೆ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಿಗೂ ಇದು ತಾನಾಗಿ ಬಾಯಿಗೆ ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ. ‘ಹೆಬ್ಬಾಳ ಇಂದ ಯಲಹಂಕ ಗೆ’ ಎಂದು ತೋರಿಸುವ ಮೊಬೈಲ್ ಪರದೆಗಳನ್ನು ಓದುಗರು ನೋಡಿರಬಹುದು. ಅದನ್ನು ಬರೆದವರಿಗೆ ಕನ್ನಡ ಬಾರದೆಂದು ನಾವು ಬೈದುಕೊಳ್ಳುತ್ತೇವೆ. ಬರೆದವರು ಕನ್ನಡ ಚೆನ್ನಾಗಿ ಬಲ್ಲವರೇ ಆಗಿದ್ದರೂ ಅದು ಹಾಗೆಯೇ ಬರುತ್ತಿತ್ತು ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಏಕೆಂದರೆ ಕನ್ನಡ ಮಾಡುವವರ ಕೈಗೆ ವಾಕ್ಯ ಬರುವುದೇ ಇಲ್ಲ. ಬರುವುದು ಚೂರುಗಳು. ಬ್ಯಾಂಕಿನದಿರಲಿ, ಬಸ್ಸಿನ ಟಿಕೇಟಿನದಿರಲಿ, ಒಂದು ಜಾಲತಾಣವನ್ನು ಕಟ್ಟುವಾಗ ಅದು ಬಳಕೆದಾರನಿಗೆ ಹೇಳುವ ಪ್ರತಿಯೊಂದು ಮಾತನ್ನೂ ಬೇರೆ ಕಡೆ ಪಟ್ಟಿ ಮಾಡಿಡುತ್ತಾರೆ: ‘ಹುಡುಕು’, ‘ರದ್ದು’, ‘ಇಷ್ಟು ಪುಟಗಳು ಸಿಕ್ಕಿವೆ’, ‘ನಿಮ್ಮ ಅರ್ಜಿ ತಲುಪಿದೆ’ ಇತ್ಯಾದಿ. ಇವಕ್ಕೆ ಸಂದೇಶಗಳೆಂದು ಹೆಸರು. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಜಾಗ. ಆ ಜಾಗವನ್ನು ಯಾವ ಭಾಷೆಯಲ್ಲಿ ತುಂಬಿದರೆ ತಾಣ ಆ ಭಾಷೆಯಲ್ಲಿ ಮಾತಾಡುತ್ತದೆ. ಹೆಸರು, ಸಂಖ್ಯೆ, ದಿನಾಂಕಗಳು ಬರಬೇಕಾದಲ್ಲಿ ಒಂದು ಚಿಹ್ನೆ ಇಟ್ಟಿರುತ್ತಾರೆ. ನಾವು ಬಳಸುವ ಹೊತ್ತಿನಲ್ಲಿ ಯಂತ್ರ ಅಲ್ಲಿ ಬೇಕಾದ್ದನ್ನು ತುಂಬಿಕೊಳ್ಳುತ್ತದೆ. ಮದುವೆಯ ಕರೆಯೋಲೆಯನ್ನು ಮೊದಲೇ ಅಚ್ಚು ಹಾಕಿಸಿ, ಹೆಸರಿನ ಜಾಗ ಬಿಟ್ಟು, ಆಮೇಲೆ ಕೈಯಲ್ಲಿ ಬರೆದು ಕೊಡುತ್ತೇವಲ್ಲ, ಹಾಗೆ.

ಈ ಪಟ್ಟಿ ಮಾಡುವ ಪದ್ಧತಿ ಅಮೆರಿಕದ ಕಂಪನಿಗಳಲ್ಲಿ ರೂಢಿಗೆ ಬಂದದ್ದು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿದ ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯನ್ನು ಗ್ನೂ ಯೋಜನೆಯವರು 1995ರ ಸುಮಾರಿಗೆ ತಮ್ಮದಾಗಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಒಂದು ಕಾರ್ಯಕ್ರಮವನ್ನು ಹತ್ತು ಭಾಷೆಗಳಿಗಾಗಿ ಹತ್ತು ಸಲ ಬರೆಯುವ ಅಗತ್ಯ ಅದರಿಂದ ತಪ್ಪಿತು. ಉಪಕಾರ ದೊಡ್ಡದೇ. ಆದರೆ ವಾಕ್ಯವನ್ನು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಿದವರು ಇಂಗ್ಲಿಷಿನಲ್ಲಿ ಯೋಚಿಸುವವರಾಗಿದ್ದರು. ವಿಭಕ್ತಿ ಪ್ರತ್ಯಯ ಹಚ್ಚಿ ಮಾತಾಡುವವರ ಮನೆಯ ತೊಂದರೆ ಅವರ ಕಣ್ಣಿಗೆ ಬೀಳಲಿಲ್ಲ.

ನಮ್ಮಲ್ಲಿ ಆ ಹೊತ್ತಿಗೆ ಇನ್ನೂ ಅಕ್ಷರಗಳದೇ ಗೋಳು. ಅದರ ಕಥೆ ದೊಡ್ಡದು, ಇಲ್ಲಿ ನಾಲ್ಕು ಮಾತು ಸಾಕು. ಭಾರತೀಯ ಲಿಪಿಗಳಿಗೆ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಒಂದು ಮನೆ ಸಿಕ್ಕಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಸಾಮಾನ್ಯರೂ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾಯಿತು. ಕನ್ನಡದ ಪತ್ರ ಬರೆಯಬಹುದಿತ್ತು, ಅಚ್ಚು ಹಾಕಬಹುದಿತ್ತು. ಆದರೆ ಆ ಪತ್ರವನ್ನು ಉಳಿಸಲು ಒತ್ತಬೇಕಾದ ಗುಂಡಿಯ ಮೇಲೆ ಇಂಗ್ಲಿಷೇ ಇತ್ತು.

(ಬೆಂಗಳೂರಿನಲ್ಲಿ ಗುಂಡಿ ಎಂದೊಡನೆ ರಸ್ತೆಯ ಗುಂಡಿ ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಅಂಗಿಯ ಗುಂಡಿಯ ಜಾತಿಯದು. ಪದವೊಂದನ್ನು ಒಂಟಿಯಾಗಿ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಈ ಲೇಖನದ ತಲೆಬರಹವೇ ಒಂದು ಉದಾಹರಣೆ.)

ಕನ್ನಡಿಗರು ಗುಂಪಾಗಿ, ಸಂಬಳವಿಲ್ಲದೆ, ಈ ಗುಂಡಿಗಳಿಗೆ ಕನ್ನಡ ಹೇಳಿಕೊಡಲು ಕುಳಿತದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರ ಜೂನ್‌ನಲ್ಲಿ. ಅದರ ಹಿಂದಿರುವ ಮೀಡಿಯವಿಕಿ ಎಂಬ ತಂತ್ರಾಂಶ ಹಲವು ಸಾವಿರ ಸಂದೇಶಗಳ ಗಂಟು. ಲೇಖನಗಳು ಕನ್ನಡದಲ್ಲಿದ್ದು ಸುತ್ತಲಿನ ಚೌಕಟ್ಟೆಲ್ಲ ಇಂಗ್ಲಿಷಿನಲ್ಲಿದ್ದರೆ ಅದನ್ನು ಕನ್ನಡದ ವಿಶ್ವಕೋಶ ಎನ್ನುವುದು ಹೇಗೆ? ಆದ್ದರಿಂದ ಲೇಖನ ಬರೆಯುವವರೇ ಸಂದೇಶಗಳನ್ನೂ ಕನ್ನಡಕ್ಕೆ ತಂದರು. ಅದೇ ದಶಕದ ಮಧ್ಯದಲ್ಲಿ ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ ಎಂಬ ತರುಣ ಈ ಕೆಲಸಕ್ಕಾಗಿಯೇ ಒಂದು ತಾಣ ಕಟ್ಟಿದ. ‘ಬೀಟಾವಿಕಿ’ ಎಂದಿದ್ದ ಅದು ಆಮೇಲೆ ‘ಟ್ರಾನ್ಸ್‌ಲೇಟ್‌ವಿಕಿ’ ಆಯಿತು. ಫಿನ್ನಿಶ್ ಕೂಡ ನಮ್ಮಂತೆಯೇ ಪದದ ಬಾಲಕ್ಕೆ ಪ್ರತ್ಯಯ ಹಚ್ಚುವ ಭಾಷೆ. ನೋವು ತಿಳಿದವರೇ ಮದ್ದು ಹುಡುಕುತ್ತಾರೇನೋ.

ಈಗ ಒಂದೇ ಒಂದು ಗುಂಡಿಯನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ‘ಸರ್ಚ್’ ಎಂದು ಬರೆದಿದೆ. ಕನ್ನಡದಲ್ಲಿ ‘ಹುಡುಕು’ ಎನ್ನಬೇಕೆ, ‘ಹುಡುಕಿ’ ಎನ್ನಬೇಕೆ?

ಪ್ರಶ್ನೆ ಸಣ್ಣದೆನಿಸುತ್ತದೆ. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಅಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆಂದು ಮೊದಲು ತೀರ್ಮಾನಿಸಬೇಕು. ಯಂತ್ರವು ಮನುಷ್ಯನಿಗೆ ಹೇಳುತ್ತಿದೆ ಎಂದಾದರೆ ‘ಹುಡುಕಿ’ ಎನ್ನಬೇಕು. ಗುರುತಿಲ್ಲದವರನ್ನು ಏಕವಚನದಲ್ಲಿ ಕರೆಯುವುದು ನಮ್ಮ ಕಡೆ ಜಗಳಕ್ಕೆ ದಾರಿ. ಮನುಷ್ಯನು ಯಂತ್ರಕ್ಕೆ ಅಪ್ಪಣೆ ಕೊಡುತ್ತಿದ್ದಾನೆ ಎಂದಾದರೆ ‘ಹುಡುಕು’ ಎನ್ನಬೇಕು, ಯಂತ್ರಕ್ಕೆ ಬಹುವಚನವೇಕೆ? ಇಂಗ್ಲಿಷಿನ ಕ್ರಿಯಾಪದ ಈ ವಿಚಾರದಲ್ಲಿ ಮೌನವಾಗಿರುತ್ತದೆ. ಕನ್ನಡದ ಕ್ರಿಯಾಪದಕ್ಕೆ ಮೌನವಾಗಿರಲು ಬರುವುದೇ ಇಲ್ಲ. ಕನ್ನಡ ವಿಕಿಪೀಡಿಯದ ಪುಟದ ತಲೆಯ ಮೇಲೆ ‘ಓದು’ ಮತ್ತು ‘ಸಂಪಾದಿಸಿ’ ಎಂಬೆರಡು ಪದಗಳು ಅಕ್ಕಪಕ್ಕದಲ್ಲಿ ಕಂಡಾಗ ನನಗೆ ಈ ಗೊಂದಲ ಥಟ್ಟನೆ ಹೊಳೆಯಿತು. ಒಂದು ಏಕವಚನ, ಒಂದು ಬಹುವಚನ. ಒಬ್ಬ ಅನುವಾದಕ ಓದುಗನನ್ನು ಯಜಮಾನ ಎಂದುಕೊಂಡಿದ್ದಾನೆ, ಇನ್ನೊಬ್ಬ ಅತಿಥಿ ಎಂದುಕೊಂಡಿದ್ದಾನೆ. ‘ಓದು’ ಎಂಬುದನ್ನು ನಾಮಪದವೆಂದು ಹೇಳಿ ಪಾರಾಗಬಹುದು ಎನ್ನಿ.

ನನ್ನ ಅಭಿಪ್ರಾಯ ಕೇಳಿದರೆ ‘ಹುಡುಕಿ’ ಎಂಬುದೇ ವಾಸಿ. ತರ್ಕದಲ್ಲಿ ‘ಹುಡುಕು’ ಗೆಲ್ಲುತ್ತದೆ, ನಿಜ. ಆದರೆ ಎಪ್ಪತ್ತು ದಾಟಿದ ಅಮ್ಮನೊಬ್ಬರು ತಮ್ಮ ಪಿಂಚಣಿಗಾಗಿ ಪರದೆಯ ಮುಂದೆ ನಿಂತಾಗ ‘ಬೆರಳಿಡು’ ಎಂದು ಕಂಡರೆ ಅವರಿಗೆ ತರ್ಕ ನೆನಪಾಗುವುದಿಲ್ಲ.

‘ಸಂಪಾದಿಸಿ’ ಎಂಬ ಪದಕ್ಕೇ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನ ‘ಎಡಿಟ್’ಗೆ ಅದು ಬಂದದ್ದು ಸಂಪಾದಕ, ಸಂಪಾದಕೀಯ ಎಂಬ ಪತ್ರಿಕೆಯ ಪದಗಳ ದಾರಿಯಿಂದ. ಊರಿನ ಮಾತಿನಲ್ಲಿ ಸಂಪಾದಿಸುವುದೆಂದರೆ ದುಡ್ಡು ಗಳಿಸುವುದು. ‘ಮಗ ಬೆಂಗಳೂರಿನಲ್ಲಿ ಚೆನ್ನಾಗಿ ಸಂಪಾದಿಸುತ್ತಾನೆ’ ಎಂದರೆ ಅವನು ಪುಟ ತಿದ್ದುತ್ತಾನೆಂದು ಯಾರೂ ತಿಳಿಯುವುದಿಲ್ಲ. ಹೀಗಾಗಿ ದುಡ್ಡಿನ ಆಸೆಯಿಲ್ಲದೆ ನಡೆಯುವ ವಿಶ್ವಕೋಶದ ಪ್ರತಿ ಪುಟದಲ್ಲೂ ‘ಗಳಿಸಿ, ಗಳಿಸಿ’ ಎಂಬ ಉಪದೇಶ ಕಾಣುತ್ತದೆ. ಪತ್ರಿಕಾಲಯದಲ್ಲಿ ಕೆಲಸ ಮಾಡಿದವರಿಗೆ ಸಂಪಾದಕತ್ವಕ್ಕೂ ಸಂಪಾದನೆಗೂ ಇರುವ ದೂರ ಗೊತ್ತಿದ್ದದ್ದೇ. ಹಾಗೆಂದು ಈ ಪದವನ್ನು ತಳ್ಳಿಹಾಕುವಂತಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಆಯ್ದು, ಜೋಡಿಸಿ, ಸಂವಾದವಾಗಿ ಹೆಣೆದ ಕೃತಿಯ ಹೆಸರು ‘ಶೂನ್ಯಸಂಪಾದನೆ’. ಹೆಸರಿನಲ್ಲಿರುವ ಸಂಪಾದನೆ ಪಡೆಯುವುದು ಎಂಬ ಅರ್ಥದ್ದು. ಆತ ಮಾಡಿದ ಕೆಲಸವಂತೂ ಇಂದಿನ ಅರ್ಥದ ಸಂಪಾದನೆಯೇ. ‘ತಿದ್ದಿ’ ಎಂದಿದ್ದರೆ ಚಿಕ್ಕದಾಗಿ ಚೊಕ್ಕವಾಗಿ ಇರುತ್ತಿತ್ತು. ಆದರೆ ತಿದ್ದುವುದಕ್ಕೆ ತಪ್ಪು ಇರಬೇಕು, ಹೊಸದಾಗಿ ಸೇರಿಸುವುದು ತಿದ್ದುವುದಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಇಂಥ ಒಂದೊಂದು ಪದಕ್ಕೂ ಒಂದೊಂದು ಸಂಜೆ ಕಳೆಯಬಹುದು.

ಪ್ರತ್ಯಯದ ಕಥೆಗೆ ಮರಳೋಣ. ಊರಿನ ಹೆಸರಾದರೆ ಕೊನೆಯ ಸ್ವರ ನೋಡಿ ಪ್ರತ್ಯಯ ಹಚ್ಚುವ ಒಂದು ಸೂತ್ರವನ್ನಾದರೂ ಯಂತ್ರಕ್ಕೆ ಕಲಿಸಬಹುದು. ವ್ಯಕ್ತಿಯ ಹೆಸರು ಬಂದಾಗ ಅದೂ ಕೈಕೊಡುತ್ತದೆ. ‘ಚಂದನ’ ಎಂಬ ಹೆಸರಿನ ಸದಸ್ಯರೊಬ್ಬರಿಗೆ ಸಂದೇಶ ಹೋಗಬೇಕು ಎನ್ನೋಣ. ಗಂಡಸಾದರೆ ಚಂದನನಿಗೆ, ಹೆಂಗಸಾದರೆ ಚಂದನಳಿಗೆ, ಮರವಾದರೆ ಚಂದನಕ್ಕೆ. ಮೂರೂ ಒಂದೇ ಅಕ್ಷರಗಳ ಮೇಲೆ ನಿಂತಿವೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಲಿಂಗ ವಿಭಕ್ತಿಗಳ ನಿಯಮಗಳನ್ನು ಹೇಳಿದ್ದಾನೆ. ಆದರೆ ಕೇಶಿರಾಜನ ಎದುರಿಗಿದ್ದ ಕವಿಗೆ ತಾನು ಯಾರನ್ನು ಕುರಿತು ಬರೆಯುತ್ತಿದ್ದೇನೆಂಬುದು ಗೊತ್ತಿತ್ತು. ನಮ್ಮ ಅನುವಾದಕನಿಗೆ ಗೊತ್ತಿಲ್ಲ. ಅವನು ಅನುವಾದಿಸುವ ದಿನ ಆ ಸದಸ್ಯರು ಇನ್ನೂ ಹುಟ್ಟಿರಲಿಕ್ಕೂ ಇಲ್ಲ.

ಇಲ್ಲಿ ಕನ್ನಡವೇ ಎರಡು ಉಪಾಯಗಳನ್ನು ಒದಗಿಸಿತು. ಯಾವ ಸಮಿತಿಯೂ ಕೂತು ಇವನ್ನು ಕಂಡುಹಿಡಿಯಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಕೈಗೆ ಸಿಕ್ಕಿದವು. ಒಂದು, ‘ಎಂಬ’. ‘ಯಲಹಂಕ ಎಂಬ ಪುಟವನ್ನು ಅಳಿಸಲಾಗಿದೆ’ ಎಂದರೆ ಹೆಸರಿಗೆ ಪ್ರತ್ಯಯ ಹಚ್ಚುವ ತೊಂದರೆಯೇ ಇಲ್ಲ. ಪ್ರತ್ಯಯ ಪುಟಕ್ಕೆ ಹೋಯಿತು, ಪುಟ ನಮಗೆ ಗೊತ್ತಿರುವ ಪದ. ಇನ್ನೊಂದು, ‘ಅವರು’. ‘ಚಂದನ ಅವರಿಗೆ ಸಂದೇಶ ಕಳುಹಿಸಲಾಗಿದೆ’, ‘ಚಂದನ ಅವರು ಈ ಪುಟವನ್ನು ಬದಲಿಸಿದ್ದಾರೆ’. ಗಂಡೋ ಹೆಣ್ಣೋ ಎಂದು ಕೇಳಬೇಕಾಗಿಲ್ಲ, ಮರ್ಯಾದೆಯೂ ಉಳಿಯಿತು. ಹಿಂದಿಯಲ್ಲಿ ಗೌರವದ ಬಹುವಚನ ಬಳಸಿದರೂ ಕ್ರಿಯಾಪದದಲ್ಲಿ ಗಂಡು ಹೆಣ್ಣಿನ ಗುರುತು ಬಿಡುವುದಿಲ್ಲ. ಕನ್ನಡದ ‘ಬಂದರು’ ಇಬ್ಬರಿಗೂ ಒಂದೇ. ಹೀಗೆ ಸಿಕ್ಕ ಅನುಕೂಲವನ್ನು ಎಲ್ಲ ಕಡೆ ಬಳಸಿಕೊಂಡೆವೇ? ಇಲ್ಲ. ವಿಕಿಪೀಡಿಯದ ‘ಯೂಸರ್’ ಕನ್ನಡದಲ್ಲಿ ‘ಸದಸ್ಯ’ ಆಯಿತು. ಅದು ಪುಲ್ಲಿಂಗ, ಏಕವಚನ. ಅದೇ ಸದಸ್ಯರೊಡನೆ ಮಾತಾಡುವ ಪುಟ ಮಾತ್ರ ‘ಸದಸ್ಯರ ಚರ್ಚೆಪುಟ’. ಮನೆಯ ಬಾಗಿಲಲ್ಲಿ ಏಕವಚನ, ಜಗಲಿಯಲ್ಲಿ ಬಹುವಚನ.

ಸಂಖ್ಯೆಯ ವಿಚಾರವೂ ಹೀಗೆಯೇ. ಒಂದು ಪುಟ, ಎರಡು ಪುಟಗಳು ಎಂದು ಬೇರೆ ಬೇರೆ ಬರೆಯಲು ಈ ವ್ಯವಸ್ಥೆಗಳಲ್ಲಿ ಅವಕಾಶವಿದೆ. ಹಾಗಾದರೆ ಸೊನ್ನೆ ಯಾವ ಕಡೆ? ಗೆಟ್‌ಟೆಕ್ಸ್ಟ್ ಬಳಸುವವರ ರೂಢಿಯ ಸೂತ್ರದಲ್ಲಿ ಕನ್ನಡದ ಸೊನ್ನೆ ಬಹುವಚನದ ಪಂಕ್ತಿಯಲ್ಲಿದೆ. ಯೂನಿಕೋಡ್ ಒಕ್ಕೂಟ ಎಲ್ಲ ಭಾಷೆಗಳಿಗಾಗಿ ಇಟ್ಟಿರುವ ಮಾಹಿತಿಕೋಶದಲ್ಲಿ ಕನ್ನಡದ ಸೊನ್ನೆ ಒಂದರ ಜೊತೆ ಏಕವಚನದ ಪಂಕ್ತಿಯಲ್ಲಿದೆ. ಕನ್ನಡಿಗರು ‘ಐದು ಪುಟ’ ಎಂದೂ ಹೇಳುತ್ತಾರೆ, ‘ಐದು ಪುಟಗಳು’ ಎಂದೂ ಹೇಳುತ್ತಾರೆ, ಆದ್ದರಿಂದ ಇದರಲ್ಲಿ ದೊಡ್ಡ ಅಪಾಯವೇನಿಲ್ಲ. ಅಪಾಯವಿರುವುದು ಮನುಷ್ಯರನ್ನು ಎಣಿಸುವಾಗ. ಪುಟಗಳು ಎರಡು, ಮೂರು, ನಾಲ್ಕು. ಮನುಷ್ಯರು ಇಬ್ಬರು, ಮೂವರು, ನಾಲ್ವರು. ‘2 ಸದಸ್ಯರು’ ಎಂದು ಅಂಕಿಯಲ್ಲಿ ಬರೆದಾಗ ಕಣ್ಣು ಅದನ್ನು ಸರಿಪಡಿಸಿಕೊಳ್ಳುತ್ತದೆ. ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ಯಂತ್ರ ಅದನ್ನು ‘ಎರಡು ಸದಸ್ಯರು’ ಎಂದು ಓದಿದರೆ ಕೇಳುವವರು ದನಕರುಗಳ ಎಣಿಕೆಯೆಂದು ತಿಳಿಯಬೇಕು.

ಇಷ್ಟೆಲ್ಲ ತೊಡಕಿಗೆ ಮೂಲ ಒಂದೇ: ಸಂದೇಶಕ್ಕೆ ಜಾಗವಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲಿನ ಸುದ್ದಿ ಓದುಗರಿಗೆ ನೆನಪಿರಬಹುದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಅದನ್ನು ಗುರುತಿಸಿದ್ದಾರೆ. ಹೋರಾಡಿ ಮಡಿದ ಕಿತ್ತಯ್ಯ ಎಂಬವನ ಕಲ್ಲು ಅದು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್ ಎಂಬುದೂ ಅದರಿಂದ ತಿಳಿಯಿತು. ಕಲ್ಲಿನ ಬರಹವೂ ಚಿಕ್ಕದೇ, ಬರೆದವನು ಓದುವವನ ಎದುರಿಗೆ ಇಲ್ಲದಿರುವುದೂ ನಿಜವೇ. ಆದರೆ ಕಲ್ಲು ಊರಿನಲ್ಲಿ ನಿಂತಿತ್ತು, ಮೇಲೆ ಹೋರಾಟದ ಚಿತ್ರವಿತ್ತು, ಓದುವವರು ಆ ಊರಿನವರೇ ಆಗಿದ್ದರು. ಅಲ್ಲಿಂದ ಅನತಿದೂರದ ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಕುಳಿತು ಬರೆಯುವ ಸಂದೇಶ ಹಾಗಲ್ಲ. ‘ಓಪನ್’ ಎಂದು ಒಂದೇ ಪದ ಪಟ್ಟಿಯಲ್ಲಿರುತ್ತದೆ. ಅದು ‘ತೆರೆಯಿರಿ’ ಎಂಬ ಅಪ್ಪಣೆಯೋ, ‘ತೆರೆದಿದೆ’ ಎಂಬ ವರದಿಯೋ? ‘ಸ್ಟೇಟ್’ ಎಂದರೆ ರಾಜ್ಯವೋ, ಸ್ಥಿತಿಯೋ? ‘ಬುಕ್’ ಎಂದರೆ ಪುಸ್ತಕವೋ, ಕಾಯ್ದಿರಿಸುವುದೋ? ‘ಮೇ’ ಎಂದರೆ ತಿಂಗಳೋ, ‘ಬಹುದು’ ಎಂಬ ಅರ್ಥವೋ? ಟ್ರಾನ್ಸ್‌ಲೇಟ್‌ವಿಕಿಯವರು ಇದಕ್ಕೊಂದು ಒಳ್ಳೆಯ ದಾರಿ ಮಾಡಿದರು. ‘ಕ್ಯೂಕ್ಯೂಕ್ಯೂ’ ಎಂಬ ಇಲ್ಲದ ಭಾಷೆಯೊಂದನ್ನು ಹುಟ್ಟುಹಾಕಿ, ಪ್ರತಿ ಸಂದೇಶಕ್ಕೂ ಆ ‘ಭಾಷೆ’ಯಲ್ಲಿ ಟಿಪ್ಪಣಿ ಬರೆಯಿರಿ ಎಂದರು: ಇದು ಎಲ್ಲಿ ಬರುತ್ತದೆ, ಯಾರಿಗೆ ಕಾಣುತ್ತದೆ, ಖಾಲಿ ಬಿಟ್ಟ ಜಾಗದಲ್ಲಿ ಏನು ಬಂದು ಕೂರುತ್ತದೆ. ಜಗತ್ತಿನಲ್ಲಿ ಯಾರೂ ಆಡದ ಆ ಭಾಷೆಯಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಎಲ್ಲ ಕಂಪನಿಗಳೂ ಇಷ್ಟು ಕಷ್ಟ ತೆಗೆದುಕೊಳ್ಳುವುದಿಲ್ಲ.

ಪದಗಳ ಬಡತನವೇ ನಮ್ಮ ಸಮಸ್ಯೆ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ‘ಫೈಲ್’ಗೆ ಕನ್ನಡದಲ್ಲಿ ಕಡತ ಎನ್ನುತ್ತೇವೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕಪ್ಪು ಪುಸ್ತಕವೇ ಮೂಲದ ಕಡತ. ಬಳಪದಿಂದ ಬರೆಯುತ್ತಿದ್ದರು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವರ್ತಕರ ಬಾಕಿ, ಮಠಗಳ ವ್ಯವಹಾರ ಎಲ್ಲವೂ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಬರೆದು ಒರೆಸಿ ಮತ್ತೆ ಬರೆಯುವ ಗುಣದಿಂದ ನೋಡಿದರೆ ಕಂಪ್ಯೂಟರಿನ ಫೈಲಿಗೆ ಇಂಗ್ಲಿಷರ ಕಾಗದದ ಕಟ್ಟಿಗಿಂತ ನಮ್ಮ ಕಡತವೇ ಹತ್ತಿರದ ನೆಂಟ. ‘ಗಣಕ’ ಎಂಬ ಪದವೂ ಹಾಗೆಯೇ. ಅದು ಮೊದಲಿಗೆ ಲೆಕ್ಕ ಹಾಕುವ ಮನುಷ್ಯನ ಹೆಸರು. ಇಂಗ್ಲಿಷಿನ ‘ಕಂಪ್ಯೂಟರ್’ ಕೂಡ ಒಂದು ಕಾಲಕ್ಕೆ ಮನುಷ್ಯನೇ ಆಗಿದ್ದ. ಇನ್ನು ‘ಅಂಚೆ’. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಇಲಾಖೆ ಹೋಯಿತು, ಪದ ಉಳಿಯಿತು; ಈಗ ‘ಮಿಂಚಂಚೆ’ಯಲ್ಲಿ ಕುಳಿತಿದೆ. ‘ಸಬ್‌ಮಿಟ್’ಗೆ ‘ಸಲ್ಲಿಸಿ’ ಎನ್ನುವಾಗ ಶಾಸನಗಳಲ್ಲಿ ದತ್ತಿಯನ್ನೂ ತೆರಿಗೆಯನ್ನೂ ‘ಸಲಿಸು’ತ್ತಿದ್ದವರ ಮಾತನ್ನೇ ನಾವು ಆಡುತ್ತಿರುತ್ತೇವೆ. ಖಾತೆ, ರದ್ದು, ಅರ್ಜಿ, ನಕಲು ಇವೆಲ್ಲ ಕಚೇರಿಯ ದಾರಿಯಿಂದ ಬಂದವು, ಮೂಲದಲ್ಲಿ ಹೊರಗಿನವು. ಆದರೆ ರೈತನಿಗೂ ಗೊತ್ತು, ಗುಮಾಸ್ತನಿಗೂ ಗೊತ್ತು.

ಇವುಗಳ ಪಕ್ಕದಲ್ಲಿ ‘ರ‍್ಯಾಂಡಮ್’ ಎಂಬುದಕ್ಕೆ ಕೋಶದಿಂದ ಎತ್ತಿ ತಂದ ‘ಯಾದೃಚ್ಛಿಕ’ವನ್ನು ಇಟ್ಟು ನೋಡಿ. ತಪ್ಪಿಲ್ಲ. ಆದರೆ ‘ಯಾವುದೋ ಒಂದು ಪುಟ’ ಎಂದಿದ್ದರೆ ಯಾರಿಗೆ ತಿಳಿಯುತ್ತಿರಲಿಲ್ಲ? ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣದ ಮೂಲಕ ಓದುಗರ ಪದಸಂದೇಹಗಳಿಗೆ ವರ್ಷಾನುಗಟ್ಟಲೆ ಉತ್ತರಿಸಿದರು. ಪದದ ಹುಟ್ಟನ್ನು ಕೇಳುವವರಷ್ಟೇ, ಬಳಕೆಯಲ್ಲಿ ಏನು ಹೇಳಬೇಕೆಂದು ಕೇಳುವವರೂ ಅಂಥ ಅಂಕಣಕ್ಕೆ ಬರುತ್ತಾರೆ. ಗುಂಡಿಗಳಿಗೆ ಅಂಥ ಒಂದು ಅಂಕಣ ಹುಟ್ಟಲಿಲ್ಲ.

ಕನ್ನಡದಲ್ಲಿ ಅತಿ ಹೆಚ್ಚು ಜನರ ಬದುಕನ್ನು ಮುಟ್ಟಿದ ತಂತ್ರಾಂಶಗಳಲ್ಲೊಂದು ‘ಭೂಮಿ’. ಕಂದಾಯ ಇಲಾಖೆಗಾಗಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅದನ್ನು ರೂಪಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದೆ ನಿಂತರು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಪಹಣಿಯ ಕನ್ನಡ ಯಾರಿಗೂ ತೊಡಕಾಗಲಿಲ್ಲ, ಯಾಕೆಂದರೆ ಅದು ಅನುವಾದವೇ ಅಲ್ಲ. ಸರ್ವೆ ನಂಬರು, ಹಿಸ್ಸಾ, ಖರಾಬು, ಖಾತೆ, ಕಬ್ಜೆದಾರ ಈ ಮಾತುಗಳು ಶಾನುಭೋಗರ ಪುಸ್ತಕದಿಂದ ನೇರವಾಗಿ ಪರದೆಗೆ ನಡೆದವು. ಅಲ್ಲಿ ಕನ್ನಡ ಮೊದಲು ಬಂದಿತ್ತು, ಕಂಪ್ಯೂಟರು ಆಮೇಲೆ ಬಂತು. ಉಳಿದೆಡೆ ಇಂಗ್ಲಿಷಿನಲ್ಲಿ ಎಲ್ಲ ಮುಗಿದ ಮೇಲೆ ಕೊನೆಯ ವಾರದಲ್ಲಿ ಕನ್ನಡಕ್ಕೆ ಕಳುಹಿಸುತ್ತಾರೆ.

ಈಚೆಗೆ ಆ ಕೊನೆಯ ವಾರವನ್ನೂ ಉಳಿಸಲು ಸಂದೇಶಗಳ ಪಟ್ಟಿಯನ್ನು ಇಡಿಯಾಗಿ ಅನುವಾದಯಂತ್ರಕ್ಕೆ ಒಪ್ಪಿಸುವುದುಂಟು. ಯಂತ್ರದ ಕನ್ನಡ ಹತ್ತು ವರ್ಷದ ಹಿಂದಿಗಿಂತ ಬಹಳ ಸುಧಾರಿಸಿದೆ. ಒಂದು ಪ್ಯಾರಾ ಕೊಟ್ಟರೆ ಒಪ್ಪುವಂತೆ ಮಾಡಿಕೊಡುತ್ತದೆ. ಆದರೆ ಒಂಟಿ ಪದ ಕೊಟ್ಟರೆ ಅದಕ್ಕೂ ನಮ್ಮಷ್ಟೇ ಕುರುಡು. ‘ಹೋಮ್’ ಎಂಬುದನ್ನು ‘ಮುಖಪುಟ’ ಎನ್ನದೆ ‘ಮನೆ’ ಎನ್ನುತ್ತದೆ. ಟಿಕೇಟು ಕಾಯ್ದಿರಿಸುವ ಗುಂಡಿಯ ಮೇಲೆ ‘ಪುಸ್ತಕ’ ಎಂದು ಬರೆದದ್ದನ್ನು ನಾನೇ ಕಂಡಿದ್ದೇನೆ. ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ಮೂಲೆಯಲ್ಲಿ ‘ಇಂಗ್ಲಿಷ್’ ಎಂಬ ಇನ್ನೊಂದು ಗುಂಡಿ ಇದ್ದೇ ಇರುತ್ತದೆ. ಎಷ್ಟು ಜನ ಅದನ್ನು ಒತ್ತಿದರೆಂಬ ಲೆಕ್ಕ ಕಂಪನಿಗೆ ಹೋಗುತ್ತದೆ; ಏಕೆ ಒತ್ತಿದರೆಂಬುದು ಹೋಗುವುದಿಲ್ಲ. ಕನ್ನಡ ಯಾರಿಗೂ ಬೇಡ ಎಂಬ ತೀರ್ಮಾನಕ್ಕೆ ಅಷ್ಟು ಸಾಕು.

2017ರಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳ ಫಲಕಗಳಲ್ಲಿ ಹಿಂದಿ ಇರಬೇಕೇ ಎಂದು ದೊಡ್ಡ ವಿವಾದವಾಗಿ ಕೊನೆಗೆ ಹಿಂದಿಯನ್ನು ತೆಗೆದರು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯ ಪ್ರಕಾರ ಅಂಗಡಿಯ ಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕು. ಫಲಕವನ್ನು ಟೇಪು ಹಿಡಿದು ಅಳೆಯಬಹುದು. ಅದೇ ಅಂಗಡಿಯ ಒಳಗಿರುವ ಪರದೆಯ ಮೇಲಿನ ಕನ್ನಡ ತಿಳಿಯುತ್ತದೆಯೇ ಎಂದು ಅಳೆಯುವ ಟೇಪು ಯಾವ ಇನ್ಸ್‌ಪೆಕ್ಟರ ಕೈಯಲ್ಲೂ ಇಲ್ಲ.

ಕೆಲವು ತಿಂಗಳ ಹಿಂದೆ ಯಲಹಂಕದ ಒಂದು ಸೈಬರ್ ಅಂಗಡಿಯಲ್ಲಿ ಯಾವುದೋ ನಕಲಿಗಾಗಿ ಕಾಯುತ್ತಿದ್ದೆ. ನನ್ನ ಮುಂದೆ ವಯಸ್ಸಾದ ಹೆಂಗಸೊಬ್ಬರು ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳಿಟ್ಟು ನಿಂತಿದ್ದರು. ಪರದೆಯ ಮೇಲೆ ‘ದೃಢೀಕರಣ ವಿಫಲಗೊಂಡಿದೆ. ದಯವಿಟ್ಟು ಪುನಃ ಪ್ರಯತ್ನಿಸಿ’ ಎಂದು ಬಂತು. ಅಕ್ಷರ ಒಂದೊಂದೂ ಸರಿಯಿತ್ತು. ಆಕೆ ಅದನ್ನು ಕೂಡಿಸಿ ಕೂಡಿಸಿ ಓದಿದರು. ‘ವಿಫಲ’ ಎಂಬಲ್ಲಿಗೆ ಬಂದು, ‘ಅಂದ್ರೆ ದುಡ್ಡು ನಿಂತೋಯ್ತಾ ಮಗಾ?’ ಎಂದು ಅಂಗಡಿಯ ಹುಡುಗನ ಮುಖ ನೋಡಿದರು.

ಹುಡುಗ ಪರದೆಯ ಕಡೆ ತಿರುಗಲೂ ಇಲ್ಲ. ‘ಏನೂ ಆಗಿಲ್ಲಮ್ಮ. ಬೆರಳು ಸರಿಯಾಗಿ ತಗೊಳ್ಳಿಲ್ಲ ಅಷ್ಟೇ. ಸೆರಗಲ್ಲಿ ಒರೆಸ್ಕೊಂಡು ಇನ್ನೊಂದ್ಸಲ ಇಡಿ’ ಎಂದ. ಆಕೆ ಒರೆಸಿಕೊಂಡು ಇಟ್ಟರು. ಈ ಸಲ ತಗೊಂಡಿತು.